ಅಮ್ಮನ ಎರಡನೇ ಡೋಸ್ ಸಿಗುತ್ತಿಲ್ಲ, ಅನುಭವ ಇರುವವರು ತಿಳಿಸಿ

ಸಾಯನ್, ಮುಂಬೈ. ಮೇ 20, 2021

ಅಮ್ಮನಿಗೆ 66. ಮಾರ್ಚ್ 20ಕ್ಕೆ ಕೊರೊನಾ ಲಸಿಕೆ ಕೋವಿಶೀಲ್ಡ್ ಮೊದಲ ಡೋಸ್ ಆಯಿತು. ಎರಡನೆಯದಕ್ಕೆ ಬೆಳಕು ಹರಿಯುವ ಮೊದಲೇ ಹೋಗಿ ಸಾಲಿನಲ್ಲಿ ನಿಂತರೂ ವಾಪಸ್ ಕಳಿಸುತ್ತಾರೆ. ನನಗೆ 31, ಹೋಟೆಲ್ ಕೌಂಟರಿನಲ್ಲಿ ಕೆಲಸ, ನನ್ನ ಸರದಿ ಬಂದೇ ಇಲ್ಲ. ಪಕ್ಕದ ಪುಣೆಯಲ್ಲಿ ತಯಾರಾಗುವ ಲಸಿಕೆಯೆಲ್ಲ ಹೊರದೇಶಕ್ಕೆ ಹೋಯಿತು ಅಂತ ಮನೆಯಲ್ಲಿ ದಿನಾ ಜಗಳ. ಅಮ್ಮನನ್ನು ಕುಂದಾಪುರಕ್ಕೆ ಕರೆದುಕೊಂಡು ಹೋಗಿ ಅಲ್ಲೇ ಹಾಕಿಸಲಾ? ಖಾಸಗಿ ಆಸ್ಪತ್ರೆಗೆ ಹೋಗಲಾ?

ಮುಲುಂಡಿನಿಂದ

ಮೊದಲು ಅಮ್ಮನನ್ನು ಆ ಸಾಲಿನಿಂದ ಮನೆಗೆ ಕರೆದುಕೊಂಡು ಬನ್ನಿ. ಕೋವಿಶೀಲ್ಡ್ ಎರಡು ಡೋಸ್ ನಡುವಿನ ಅಂತರ ಶುರುವಿನಲ್ಲಿ 4ರಿಂದ 6 ವಾರ ಇತ್ತು. ಮಾರ್ಚ್‌ನಲ್ಲಿ 6ರಿಂದ 8 ಅಂದರು. ಮೇ 13ಕ್ಕೆ 12ರಿಂದ 16 ವಾರ ಮಾಡಿದರು. ನಿಮ್ಮ ಅಮ್ಮನಿಗೆ 12 ವಾರ, ಅಂದರೆ 84 ದಿನ ತುಂಬುವುದು ಜೂನ್ 12ಕ್ಕೆ. ಅದಕ್ಕಿಂತ ಮುಂಚಿನ ದಿನಕ್ಕೆ ಲಸಿಕೆ ಬುಕ್ ಮಾಡುವ ಸರ್ಕಾರಿ ಜಾಲತಾಣ ಕೋವಿನ್‌ನಲ್ಲಿ ಹೊಸ ಬುಕಿಂಗ್ ಆಗುವುದಿಲ್ಲ. ಮೊದಲೇ ಬುಕ್ ಮಾಡಿದ್ದರೆ ಮಾತ್ರ ಅದು ನಡೆಯುತ್ತದೆ.

ಇಷ್ಟನ್ನು ಗೇಟಿಗೆ ಒಂದು ಹಾಳೆ ಅಂಟಿಸಿ ಹೇಳಬಹುದಿತ್ತು, ಅಲ್ವಾ? ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ ಇದೆ. ಟೋಕನ್ ಹಿಡಿದುಕೊಂಡು ಮಧ್ಯಾಹ್ನದ ತನಕ ಕೂತಿದ್ದರು. ಆಮೇಲೆ ‘ಕಾಕಾ, ನಿಮ್ಮದು ಇನ್ನೂ ಆಗಲ್ಲ’ ಅಂದರು. ಸ್ಟಾಕ್ ಇಲ್ಲದಿದ್ದರೆ ಕಾಯೋಣ. ಆದರೆ ವಯಸ್ಸಾದವರನ್ನು ಹೇಳದೆ ಕೇಳದೆ ಹೀಗೆ ಕೂರಿಸುವುದು ದೊಡ್ಡ ತಪ್ಪು.

ಊರಿಗೆ ಹೋಗಿ ಪ್ರಯೋಜನ ಇಲ್ಲ. ಯಾವ ರಾಜ್ಯದಲ್ಲಾದರೂ ಹಾಕಿಸಬಹುದು, ನಿಜ. ಆದರೆ 84 ದಿನದ ನಿಯಮ ಅಲ್ಲೂ ಇದೆ. ನಿಮ್ಮ ವಯಸ್ಸಿನವರಿಗಂತೂ ಮಹಾರಾಷ್ಟ್ರದ ಸರ್ಕಾರಿ ಕೇಂದ್ರಗಳಲ್ಲಿ ಸದ್ಯಕ್ಕೆ ನಿಂತಿದೆ, ಇರುವ ಲಸಿಕೆಯನ್ನು 45 ದಾಟಿದವರಿಗೆ ಕೊಡುತ್ತಿದ್ದಾರೆ. ಕರ್ನಾಟಕದಲ್ಲೂ ಮೇ 14ರಿಂದ ಅದೇ ಕಥೆ.

ಜೂನ್‌ನಲ್ಲಿ ಹೋಗುವಾಗ ಮೊದಲ ಡೋಸ್‌ಗೆ ಕೊಟ್ಟ ಮೊಬೈಲ್ ನಂಬರು, ಅದೇ ಗುರುತಿನ ಚೀಟಿ ಇರಲಿ. ಬೇರೆ ಕೊಟ್ಟರೆ ಮತ್ತೆ ಮೊದಲ ಡೋಸ್ ಅಂತಲೇ ದಾಖಲಾಗುತ್ತದೆ. ನಾಳೆ ಯಾವ ಕೇಂದ್ರ ತೆರೆದಿರುತ್ತದೆ ಅಂತ ಪಾಲಿಕೆಯವರು ಟ್ವಿಟರ್‌ನಲ್ಲಿ ಪಟ್ಟಿ ಹಾಕುತ್ತಾರೆ. ಅದನ್ನು ನೋಡಿಯೇ ಹೊರಡಿ. ಬುಕಿಂಗ್ ಜೊತೆ ಬರುವ 4 ಅಂಕಿಯ ಕೋಡ್ ಲಸಿಕೆ ಹಾಕುವವರಿಗೆ ಬಿಟ್ಟು ಯಾರಿಗೂ ಹೇಳಬೇಡಿ. ಲಸಿಕೆ ಹಾಕದೆಯೇ ‘ಹಾಕಿದೆ’ ಅಂತ ಮೆಸೇಜ್ ಬಂದವರಿದ್ದಾರೆ, ಅದಕ್ಕೇ ಆ ಕೋಡ್ ತಂದದ್ದು.

ಹಡಪ್ಸರ್, ಪುಣೆಯಿಂದ

ಕೋವಿಶೀಲ್ಡ್ ತಯಾರಿಸುವ ಸೀರಮ್ ಕಾರ್ಖಾನೆ ಇರುವುದು ನಮ್ಮ ಹಡಪ್ಸರ್‌ನಲ್ಲೇ. ಇಲ್ಲೇ ತಯಾರಾಗುತ್ತದೆ, ನಮ್ಮ ಕೇಂದ್ರದ ಬಾಗಿಲಿಗೆ ಮಾತ್ರ ‘ಲಸ್ ಉಪಲಬ್ಧ ನಾಹಿ’ (ಲಸಿಕೆ ಇಲ್ಲ) ಅಂತ ಬೋರ್ಡ್. ಹೊಟ್ಟೆ ಉರಿಯುತ್ತದೆ. ಆದರೂ ನಿಮ್ಮ ಮನೆಯ ಜಗಳದ ಬಗ್ಗೆ ಹೇಳಲೇಬೇಕು.

ಜನವರಿ 20ರಿಂದ ಈ ತನಕ ಹೊರಗೆ ಹೋದದ್ದು 6.6 ಕೋಟಿ ಡೋಸ್ ಆಸುಪಾಸು. ಅದರಲ್ಲಿ ಉಚಿತವಾಗಿ ಕೊಟ್ಟದ್ದು ಸುಮಾರು 1 ಕೋಟಿ. ಅರ್ಧಕ್ಕಿಂತ ಜಾಸ್ತಿ ದುಡ್ಡಿಗೆ ಮಾರಿದ್ದು. ಉಳಿದದ್ದು ಕೋವ್ಯಾಕ್ಸ್‌ಗೆ, ಅಂದರೆ ಬಡ ದೇಶಗಳಿಗೂ ಸಿಗಲಿ ಅಂತ ಮಾಡಿಕೊಂಡ ವ್ಯವಸ್ಥೆಗೆ. ಲಸಿಕೆ ಕಂಡುಹಿಡಿದದ್ದು ಆಕ್ಸ್‌ಫರ್ಡ್, ಹಕ್ಕು ಆಸ್ಟ್ರಾಜೆನೆಕಾದ್ದು. ಬೇರೆ ಬಡ ದೇಶಗಳಿಗೂ ಕೊಡಬೇಕು ಅನ್ನುವ ಒಪ್ಪಂದದ ಮೇಲೇ ಅದು ಪುಣೆಗೆ ಬಂದದ್ದು.

ಈಗ ಲೆಕ್ಕ ಹಾಕಿ. 18ರಿಂದ 44ರ ವಯಸ್ಸಿನವರೇ ಸುಮಾರು 60 ಕೋಟಿ. ಎರಡೆರಡು ಡೋಸ್ ಅಂದರೆ 120 ಕೋಟಿ. ಸೀರಮ್ ತಯಾರಿಸುವುದು ತಿಂಗಳಿಗೆ 6-7 ಕೋಟಿ. ಹೊರಗೆ ಹೋದದ್ದೆಲ್ಲ ಇಲ್ಲೇ ಉಳಿದಿದ್ದರೂ ಒಂದು ತಿಂಗಳ ಮಾಲು, ಅಷ್ಟೇ. ಆ ಒಂದು ತಿಂಗಳೂ ಸಣ್ಣದಲ್ಲ. ಏಪ್ರಿಲ್‌ನಲ್ಲಿ ಇಲ್ಲಿ ಎಷ್ಟೋ ಮನೆಗಳಲ್ಲಿ ಹೆಣ ಬಿದ್ದಿವೆ.

ಆದರೆ ನನ್ನ ಸಿಟ್ಟು ಆರ್ಡರ್ ಕೊಟ್ಟ ರೀತಿಯ ಮೇಲೆ. ಇಷ್ಟು ದೊಡ್ಡ ದೇಶಕ್ಕೆ ಜನವರಿಯಲ್ಲಿ ಕೇಂದ್ರ ಸರ್ಕಾರ ಸೀರಮ್‌ಗೆ ಕೊಟ್ಟ ಮೊದಲ ಆರ್ಡರ್ 1.1 ಕೋಟಿ ಡೋಸ್! 3,000 ಕೋಟಿ ರೂಪಾಯಿ ಮುಂಗಡಕ್ಕೆ ಒಪ್ಪಿದ್ದು ಏಪ್ರಿಲ್ 19ಕ್ಕೆ, ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗದಂತಾದ ಮೇಲೆ. ಅಷ್ಟರಲ್ಲಿ ಅಮೆರಿಕ ಕಚ್ಚಾ ಸಾಮಗ್ರಿ ಬಿಡಲಿ ಅಂತ ಸೀರಮ್ ಮುಖ್ಯಸ್ಥ ಪೂನಾವಾಲಾ ನೇರ ಬೈಡನ್ ಅವರನ್ನೇ ಟ್ವಿಟರ್‌ನಲ್ಲಿ ಕೇಳುವ ಸ್ಥಿತಿ ಬಂದಿತ್ತು. ಮಾಲು ಇಲ್ಲ ಅಂತ ಗೊತ್ತಿದ್ದೂ ಮೇ 1ರಿಂದ 18 ದಾಟಿದ ಎಲ್ಲರಿಗೂ ಅಂತ ಸಾರಿದ್ದು ಯಾಕೆ? ಏಪ್ರಿಲ್ 30ರಿಂದ ಮೂರು ದಿನ ನಿಮ್ಮ ಮುಂಬೈನಲ್ಲಿ ಕೇಂದ್ರಗಳೇ ಮುಚ್ಚಿದ್ದವು. ಇದಕ್ಕೆ ಯಾರಾದರೂ ಉತ್ತರ ಕೊಡಬೇಕು.

ಠಾಣೆಯಿಂದ

ತಮ್ಮಾ, ನಾನೂ ಹೋಟೆಲಿನವನೇ. ನಮ್ಮಲ್ಲಿ ನೇಪಾಳದ ಹುಡುಗನೊಬ್ಬ ಇದ್ದಾನೆ. ಅವನ ತಾಯಿಗೂ ಅಲ್ಲಿ ಮಾರ್ಚ್‌ನಲ್ಲಿ ಇದೇ ಕೋವಿಶೀಲ್ಡ್ ಹಾಕಿದರು. ನೇಪಾಳ ದುಡ್ಡು ಕೊಟ್ಟು ಕೊಂಡದ್ದು 20 ಲಕ್ಷ ಡೋಸ್, ಕೈಗೆ ಸಿಕ್ಕಿದ್ದು 10 ಲಕ್ಷ. ಇಲ್ಲಿಂದ ರಫ್ತು ನಿಂತಿತು. ಆ ತಾಯಿಗೂ ಎರಡನೇ ಡೋಸ್ ಇಲ್ಲ. ಅವನು ಫೋನಿನಲ್ಲಿ ಮಾತಾಡುವುದನ್ನು ಕೇಳಿದ ಮೇಲೆ ಹೊರದೇಶದವರು ನಮ್ಮದು ತಿಂದರು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಖಾಸಗಿಯಲ್ಲಿ ಏಪ್ರಿಲ್ ತನಕ 250 ರೂಪಾಯಿ ಇತ್ತು. ಈಗ ದೊಡ್ಡ ಆಸ್ಪತ್ರೆಗಳಲ್ಲಿ 700ರಿಂದ 900. ನಿಮಗೆ ಸಿಕ್ಕಿದರೆ ಹಾಕಿಸಿಕೊಳ್ಳಿ, ಕೌಂಟರಿನವರು ನೂರಾರು ಜನರ ಎದುರು ನಿಲ್ಲುವವರು. ದುಡ್ಡಿಗೆ ಕಷ್ಟವಾದರೆ ಮಾಲೀಕರನ್ನು ಕೇಳಿ, ನಾಚಿಕೆ ಬೇಡ. ನಮ್ಮ ಹುಡುಗರದ್ದನ್ನು ನಾನೇ ಕೊಡುತ್ತೇನೆ ಅಂದಿದ್ದೇನೆ.

ವಾಸ್ಕೋ, ಗೋವಾದಿಂದ

ನಿಮಗೆ ಕೋವಿನ್ ಓದಲಾದರೂ ಬರುತ್ತದೆ ಅಣ್ಣಾ. ಇಲ್ಲಿ ಬೈನಾ ಕಡೆ ಇರುವ ಗದಗ, ಕೊಪ್ಪಳದ ಕೂಲಿಯವರಿಗೆ ಅದೂ ಇಲ್ಲ, ಎಲ್ಲಾ ಇಂಗ್ಲಿಷ್‌ನಲ್ಲಿದೆ. ಸ್ಮಾರ್ಟ್‌ಫೋನ್ ಇದ್ದವರು ನಿಮಿಷದಲ್ಲಿ ಸ್ಲಾಟ್ ಹಿಡಿದುಬಿಡುತ್ತಾರೆ. ಒಂದು ನಂಬರಿನಲ್ಲಿ ನಾಲ್ಕು ಜನರ ಹೆಸರು ಹಾಕಬಹುದು. ನಾವು ಕೆಲವರು ನಮ್ಮ ನಂಬರಿನಲ್ಲೇ ಅವರ ಹೆಸರು ಸೇರಿಸುತ್ತಿದ್ದೇವೆ. ಆಧಾರ್ ಊರಲ್ಲಿ ಬಿಟ್ಟು ಬಂದವರಿಗೆ ವೋಟರ್ ಕಾರ್ಡ್, ಪಾನ್ ಕೂಡ ನಡೆಯುತ್ತದೆ. ನೀವೂ ನಿಮ್ಮ ಹೋಟೆಲಿನ ಹುಡುಗರ ಹೆಸರು ಈಗಲೇ ಸೇರಿಸಿಡಿ.

ಸಾಯನ್

ಎಲ್ಲರಿಗೂ ಧನ್ಯವಾದ. ಇನ್ನೊಂದು ತೊಡಕು. ಅಮ್ಮನಿಗೆ ಕೊಟ್ಟ ನಂಬರು ಅಣ್ಣನದು, ಅವನು ಈಗ ದುಬೈಯಲ್ಲಿದ್ದಾನೆ.

ಮುಲುಂಡಿನಿಂದ

ಆ ಸಿಮ್‌ಗೆ ಅಲ್ಲಿ ಮೆಸೇಜ್ ಬರುತ್ತದಾ ಅಂತ ಮೊದಲು ಕೇಳಿ. ಬಂದರೆ, ಅವರನ್ನು ವಾಟ್ಸಾಪ್ ಕಾಲ್‌ನಲ್ಲಿ ಇಟ್ಟುಕೊಂಡೇ ಕೋವಿನ್ ತೆರೆಯಿರಿ. ಓಟಿಪಿಗೆ 3 ನಿಮಿಷ ಇರುತ್ತದೆ, ಅವರು ಓದಿ ಹೇಳಿದರೆ ಸಾಕು. ಜೂನ್ ತನಕ ಕಾಯದೆ ಇವತ್ತು ರಾತ್ರಿಯೇ ಒಮ್ಮೆ ಲಾಗಿನ್ ಆಗಿ ನೋಡಿ, ಅಮ್ಮನ ಮೊದಲ ಡೋಸ್ ಸರ್ಟಿಫಿಕೇಟ್ ಇಳಿಸಿಕೊಂಡುಬಿಡಿ.