ಸಹಾಯ ಬೇಕು: ಆಗುಂಬೆಯಲ್ಲಿ ಕಪ್ಪೆಗಳ ಕೂಗು ರೆಕಾರ್ಡ್ ಮಾಡಲು ಅನುಮತಿ ಯಾರ ಹತ್ತಿರ ಕೇಳಬೇಕು?

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಪ್ರಾಜೆಕ್ಟಿಗಾಗಿ ಈ ಮಳೆಗಾಲದಲ್ಲಿ ಒಂದು ತಿಂಗಳು ಆಗುಂಬೆಯಲ್ಲಿದ್ದು ಕಪ್ಪೆಗಳ ಕೂಗು ರೆಕಾರ್ಡ್ ಮಾಡಬೇಕು ಅಂತಿದ್ದೇನೆ. ಹಿಡಿಯುವುದಿಲ್ಲ, ಮುಟ್ಟುವುದೂ ಇಲ್ಲ.

2005ರಲ್ಲಿ ಹಾವು ತಜ್ಞ ರೊಮುಲಸ್ ವಿಟೇಕರ್ ಅಲ್ಲಿ ಶುರು ಮಾಡಿದ ಮಳೆಕಾಡು ಸಂಶೋಧನಾ ಕೇಂದ್ರ, ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾಗಿದೆ ಅಲ್ವಾ, ಅದರ ಬಗ್ಗೆ ಓದಿಯೇ ನನಗೆ ಈ ಆಸೆ ಹುಟ್ಟಿದ್ದು. ಹೋದ ಜುಲೈನಲ್ಲಿ ಎರಡು ದಿನ ಹೋಗಿ ಜಾಗ ನೋಡಿಕೊಂಡು ಬಂದೆ. ರಾತ್ರಿ ಒಂದು ಅಡಿಕೆ ತೋಟದ ಕೆರೆ ಹತ್ತಿರ ಟಾರ್ಚ್ ಹಾಕಿದರೆ, ನೀರಿನ ಮೇಲೆ ಬಾಗಿದ ಎಲೆಗೆ ಮುಷ್ಟಿಗಾತ್ರದ ಬಿಳಿ ನೊರೆಗೂಡು ಅಂಟಿಕೊಂಡಿತ್ತು. ಮರಗಪ್ಪೆಯದ್ದು. ಗೊದಮೊಟ್ಟೆಗಳು ಅದರಿಂದ ಸೀದಾ ನೀರಿಗೆ ಬೀಳುತ್ತವೆ. ಜೋರು ಮಳೆಯಲ್ಲೂ ಸುತ್ತ ಕೂಗೋ ಕೂಗು. ಇದನ್ನೇ ಮಾಡಬೇಕು ಅಂತ ಅಲ್ಲೇ ತೀರ್ಮಾನಿಸಿದೆ.

ಈಗ ಸಿಕ್ಕಿಹಾಕಿಕೊಂಡಿರುವುದು ಅನುಮತಿಯಲ್ಲಿ. ಗೈಡ್ ಮೇಡಂ "ಬರೀ ರೆಕಾರ್ಡಿಂಗ್‌ಗೆ ಏನೂ ಬೇಡ" ಅಂದರು. ಸೀನಿಯರ್ ಒಬ್ಬರು "ಪತ್ರ ಇಲ್ಲದೆ ಹೋಗಲೇಬೇಡ" ಅಂದರು. ಒಂದು ಕಚೇರಿಗೆ ಮೂರು ಸಲ ಫೋನ್ ಮಾಡಿದೆ, ಬೆಂಗಳೂರಿಗೆ ಬರೆಯಿರಿ ಅಂತಷ್ಟೇ ಹೇಳಿದರು. ಘಾಟಿ ಕೆಳಗಿನ ಸೋಮೇಶ್ವರ ಅಭಯಾರಣ್ಯದಂಥ ಜಾಗಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಅದು ಗೊತ್ತು. ನಾನು ಅಲ್ಲಿಗೆ ಹೋಗುತ್ತಿಲ್ಲ. ತೋಟದ ಮಾಲೀಕರು ಒಪ್ಪಿದ್ದಾರೆ. ಆದರೆ ತೋಟದ ಬೇಲಿ ದಾಟಿದರೆ ಮೀಸಲು ಅರಣ್ಯ, ಒಳ್ಳೆಯ ಹಳ್ಳ ಇರುವುದೂ ಅಲ್ಲೇ.

ಅಭಯಾರಣ್ಯ ಅಲ್ಲದ ಮೀಸಲು ಅರಣ್ಯದಲ್ಲಿ ರಾತ್ರಿ ರೆಕಾರ್ಡಿಂಗ್‌ಗೆ ಡಿ.ಎಫ್.ಓ. (ವಿಭಾಗೀಯ ಅರಣ್ಯಾಧಿಕಾರಿ) ಅನುಮತಿ ಸಾಕಾ, ಇಲ್ಲ ಬೆಂಗಳೂರಿನಲ್ಲಿರುವ ಅರಣ್ಯ ಇಲಾಖೆಯ ಕೇಂದ್ರ ಕಚೇರಿ ಅರಣ್ಯ ಭವನಕ್ಕೇ ಅರ್ಜಿ ಹಾಕಬೇಕಾ? ಹೀಗೆ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ.