ಮನೆಯಲ್ಲೇ ಸೈಕಲ್‌ನ ಸಸ್ಪೆನ್ಷನ್ ಫೋರ್ಕ್ ಸರ್ವಿಸ್ ಮಾಡಿದವರು ಅನುಭವ ಹೇಳಿ

ನನ್ನದು ಸನ್‌ಟೂರ್ ಎಕ್ಸ್‌ಸಿಆರ್ ಫೋರ್ಕ್, ಕಾಲು 32 ಎಂಎಂ ದಪ್ಪ, ಏರ್ (ಸ್ಪ್ರಿಂಗ್ ಬದಲು ಒಳಗೆ ಗಾಳಿ). ಎರಡು ಮಳೆಗಾಲ ಕಂಡಿದೆ. ಈಗ ಒತ್ತಿದರೆ ತಡೆದು ತಡೆದು ಇಳಿಯುತ್ತದೆ. ಅಂಗಡಿಯಲ್ಲಿ ₹3,500 ಕೇಳಿದರು. ನನ್ನ ಹತ್ತಿರ ಸೀಲ್ ಡ್ರೈವರ್ (ಆಯಿಲ್ ತಡೆಯೋ ರಬ್ಬರ್ ಸೀಲನ್ನು ಕೂರಿಸೋ ಸಾಧನ) ಇಲ್ಲ, ಬೋಲ್ಟ್ ಬಿಗಿ ಅಳೆಯೋ ಟಾರ್ಕ್ ವ್ರೆಂಚೂ ಇಲ್ಲ. ಮನೆ ಸಾಮಾನಲ್ಲೇ ಆಗುತ್ತಾ?

ಕೆಮ್ಮಣ್ಣು
ಧಾರಾಳವಾಗಿ ಆಗುತ್ತದೆ. ನನ್ನದು ರಾಕ್‌ಶಾಕ್ಸ್ ರೀಕಾನ್. 50 ಗಂಟೆ ಓಡಿಸಿದ ಮೇಲೆ ಲೋವರ್ಸ್ (ಫೋರ್ಕಿನ ಕೆಳಗಿನ ಹೊರ ಕೊಳವೆಗಳು) ಬಿಚ್ಚಿ ಅಂತ ಕಂಪನಿಯೇ ಹೇಳುತ್ತದೆ. ಬೆಂಗಳೂರಿನ ತುರಹಳ್ಳಿ ಧೂಳಲ್ಲಿ ಓಡಿಸುವವರು ಪ್ರತಿ ಸಲ ಅಂಗಡಿಗೆ ದುಡ್ಡು ಸುರಿಯೋಕಾಗುತ್ತಾ? ನನ್ನ ಖರ್ಚು: ಸೀಲ್, ಫೋಮ್ ರಿಂಗ್ ಕಿಟ್ ₹1,900. ಒರೆಸೋಕೆ ಐಸೊಪ್ರೊಪೈಲ್ ಆಲ್ಕೋಹಾಲ್ ₹240. ಜೆ.ಸಿ. ರೋಡಲ್ಲಿ ತಂದ ಮೋಟಾರ್‌ಬೈಕ್ ಫೋರ್ಕ್ ಆಯಿಲ್ ₹850, ಇನ್ನೂ ಮುಕ್ಕಾಲು ಬಾಟಲ್ ಇದೆ. ಮೆಡಿಕಲ್ ಶಾಪ್ ಸಿರಿಂಜ್ ₹15.

ಸೀಲ್ ಡ್ರೈವರ್ ಬದಲು ಪ್ಲಂಬರ್ ಬಿಟ್ಟುಹೋದ 40 ಎಂಎಂ ಪಿವಿಸಿ ಪೈಪ್ ತುಂಡು. ಹಳೇ ಸೀಲನ್ನು ಬೋರಲಾಗಿ ಹೊಸದರ ಮೇಲಿಡಿ, ಅದರ ಮೇಲೆ ಪೈಪ್. ಮರದ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿ. ಸೀಲ್ ಪೂರ್ತಿ ಕೂತ ಕ್ಷಣ ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬರುತ್ತದೆ, ಕೈಗೂ ಗೊತ್ತಾಗುತ್ತದೆ. ಪೈಪ್ ತುದಿ ಓರೆ ಇದ್ದರೆ ಸೀಲೂ ಓರೆ, ಆಮೇಲೆ ಆಯಿಲ್ ಸೋರುತ್ತದೆ.

ಮೂಡಿಗೆರೆ ಮಳೆ
ಅಂಗಡಿಗೆ ಕೊಟ್ಟು ಸುಟ್ಟುಕೊಂಡವನು ನಾನು. ಹೆಸರು ಬೇಡ. ಸೀಲ್ ಕೀಳೋಕೆ ಸ್ಕ್ರೂಡ್ರೈವರ್ ಹಾಕಿ ಮೀಟಿದ್ದಾರೆ. ಲೋವರ್ಸ್ ಮೆಗ್ನೀಸಿಯಂ, ಮೆತ್ತಗಿರುತ್ತದೆ. ಸೀಲ್ ಕೂರುವ ಜಾಗದಲ್ಲೇ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಸರ್ವಿಸ್ ₹3,200 ಕೊಟ್ಟೆ. ಸೋರಿತು. ಮತ್ತೆ ಸೀಲ್ ₹1,800. ಮತ್ತೆ ಸೋರಿತು. ಹೊಸ ಲೋವರ್ಸ್‌ಗೆ ₹11,000 ಅಂದರು, ಅದೂ ಹೊರದೇಶದಿಂದ ಬರಬೇಕಂತೆ. ಗೀರು ಬಿದ್ದದ್ದು ನಮ್ಮಲ್ಲಲ್ಲ ಅಂತ ನನ್ನ ಮುಖಕ್ಕೇ ಹೇಳಿದರು! ಈಗ ನಾನೇ ಬಿಚ್ಚುತ್ತೇನೆ. ಅಂಚಿಗೆ ಬಟ್ಟೆ ಮಡಚಿಟ್ಟು, ದೊಡ್ಡ ಸ್ಪ್ಯಾನರ್ ತುದಿಯಲ್ಲಿ ಮೀಟಿದರೆ ಆರಾಮಾಗಿ ಬರುತ್ತದೆ.

ಎರಡು ಚಕ್ರ
ಮೋಟಾರ್‌ಬೈಕ್ ಆಯಿಲ್ ಹಾಕಿ ಅಂತ ಹೊಸಬರಿಗೆ ಹೇಳಬೇಡಿ ಕೆಮ್ಮಣ್ಣು ಅವರೇ. ಬಾಟಲ್ ಮೇಲಿನ 5, 10 ಅನ್ನೋ ನಂಬರ್ ಒಂದೊಂದು ಕಂಪನಿಗೆ ಒಂದೊಂದು ಥರ. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಆಯಿಲ್ ಎಷ್ಟು ಮಂದ ಅನ್ನೋ ಅಳತೆ) ಅಂತ ನೋಡಬೇಕು. ನಾನು ವರ್ಷಕ್ಕೊಮ್ಮೆ ₹4,000 ಕೊಟ್ಟು ತಿಳಿದವರ ಹತ್ತಿರ ಮಾಡಿಸುತ್ತೇನೆ. ಐದು ವರ್ಷದ ಫಾಕ್ಸ್ ಫೋರ್ಕ್ ಇವತ್ತಿಗೂ ಬೆಣ್ಣೆ.

ಕೆಮ್ಮಣ್ಣು
ಸ್ವಲ್ಪ ಓದಿ ಬರೀರಿ ಸ್ವಾಮಿ. ನಾನು ಹಾಕಿದ್ದು ಲೋವರ್ಸ್‌ಗೆ, ಫೋರ್ಕ್ ಇಳಿದು ಏಳೋ ವೇಗ ಹಿಡಿಯೋ ಡ್ಯಾಂಪರ್‌ಗಲ್ಲ. ಅಲ್ಲಿ ಆಯಿಲ್ ಕೆಲಸ ಬುಶಿಂಗ್ (ಒಳಗಿನ ಜಾರುಬಳೆ) ಜಾರಿಸೋದು, ಫೋಮ್ ಒದ್ದೆ ಇಡೋದು, ಅಷ್ಟೇ. ನೀವು ಹೇಳೋ ಸೆಂಟಿಸ್ಟೋಕ್ಸ್ ಲೆಕ್ಕ ಡ್ಯಾಂಪರ್‌ಗೆ. ವರ್ಷಕ್ಕೆ ₹4,000 ಕೊಡೋಕೆ ಎಲ್ಲರ ಕೈಲೂ ಆಗಲ್ಲ.

ಎರಡು ಚಕ್ರ
ದುಡ್ಡಿನ ಮಾತು ಯಾಕೆ ಬಂತು? ಫೋರ್ಕ್ ಕೈಕೊಟ್ಟರೆ ಇಳಿಜಾರಲ್ಲಿ ಹಲ್ಲು ಹೋಗುತ್ತದೆ. ಅದಕ್ಕೆ ಹೇಳಿದ್ದು.

ಹಳೇ ಕ್ರ್ಯಾಂಕ್
ಕೇಳಿದವರ ಫೋರ್ಕ್ ಯಾವುದು ಅಂತ ಯಾರಾದರೂ ನೋಡಿದಿರಾ? ಸನ್‌ಟೂರ್‌ನ ಕಡಿಮೆ ಬೆಲೆಯ ಎಷ್ಟೋ ಮಾಡೆಲ್‌ಗಳಲ್ಲಿ ಲೋವರ್ಸ್ ಒಳಗೆ ಆಯಿಲ್ಲೇ ಇರಲ್ಲ, ಬರೀ ಗ್ರೀಸ್. ಅದು ಒಣಗಿದ್ದರೆ ಹೀಗೇ ತಡೆಯುತ್ತದೆ. ಮೊದಲು ಫೋರ್ಕಿನ ಗಾಳಿ ಪೂರ್ತಿ ಬಿಡಿ. ಕೆಳಗಿನ ಬೋಲ್ಟನ್ನು ಮೂರ್ನಾಲ್ಕು ಸುತ್ತು ಮಾತ್ರ ಸಡಿಲಿಸಿ, ಅದರ ತಲೆ ಮೇಲೆ ತಟ್ಟಿ. ಪೂರ್ತಿ ತೆಗೆದು ತಟ್ಟಿದರೆ ಒಳಗಿನ ಥ್ರೆಡ್ ಹಾಳು. ಗ್ರೀಸ್ ಮಾತ್ರ ಸಸ್ಪೆನ್ಷನ್‌ಗೆ ಅಂತಲೇ ಮಾಡಿದ್ದು ತನ್ನಿ. ಪೆಟ್ರೋಲಲ್ಲಿ ತೊಳೀಬೇಡಿ, ರಬ್ಬರ್ ಊದಿಕೊಳ್ಳುತ್ತದೆ.

ಮೂಡಿಗೆರೆ ಮಳೆ
ಪೆಟ್ರೋಲಿಗಿಂತ ದೊಡ್ಡ ಶತ್ರು ವಾಟರ್ ಸರ್ವಿಸ್. ಕಾರು ತೊಳೆಯೋ ಪ್ರೆಶರ್‌ನಲ್ಲಿ ಸೀಲ್ ಹತ್ತಿರ ನೀರು ಹೊಡೆಸಿದರೆ ಮಣ್ಣು ಸೀದಾ ಒಳಗೆ ಹೋಗುತ್ತದೆ.

ಎರಡು ಚಕ್ರ
ದೂರ ನಿಂತು ಹೊಡೆದರೆ ಏನೂ ಆಗಲ್ಲ. ನಾನು ಯಾವಾಗಲೂ ಅಲ್ಲೇ ತೊಳೆಸೋದು.

ಮೂಡಿಗೆರೆ ಮಳೆ
ನಿಮ್ಮ ಊರಿನ ಧೂಳು ಬೇರೆ, ನಮ್ಮ ತೋಟದ ಕೆಸರು ಬೇರೆ. ಜುಲೈಯಲ್ಲಿ ಒಂದು ಸಲ ಬಂದು ಓಡಿಸಿ, ಆಮೇಲೆ ಲೋವರ್ಸ್ ಬಿಚ್ಚಿ ನೋಡಿ.