ರೇಡಿಯಾಲಜಿಗೆ ಬರುವ ಎಂಬಿಬಿಎಸ್ ಮಕ್ಕಳಿಗೆ ಏನು ಕಲಿಸಬೇಕು?

ಪ್ರಶ್ನೆ: ಕೋಲಾರದ ಮೇಡಂ

ನಮಸ್ಕಾರ. ಕೋಲಾರದ ಕಡೆ ಮೆಡಿಕಲ್ ಕಾಲೇಜೊಂದರಲ್ಲಿ ರೇಡಿಯಾಲಜಿ ಕಲಿಸುತ್ತೇನೆ. ಎಂಬಿಬಿಎಸ್ ಮಕ್ಕಳು ನಮ್ಮಲ್ಲಿ ಇರುವುದೇ ಸ್ವಲ್ಪ ದಿನ. ರಿಪೋರ್ಟಿಂಗ್ ರೂಮಿನಲ್ಲಿ ಸುಮ್ನೆ ನಮ್ಮ ಹಿಂದೆ ನಿಂತಿರುತ್ತಾರೆ. ಸಿಟಿ ತೆರೆದ ಕೂಡಲೇ "ಡಯಾಗ್ನೋಸಿಸ್ ಏನು ಮೇಡಂ?" ಎಂದು ಕೇಳುತ್ತಾರೆ. ಸ್ಕ್ಯಾನ್ ನೋಡಿಕೊಂಡು ಸೂಜಿ, ನಳಿಕೆಯಿಂದಲೇ ಚಿಕಿತ್ಸೆ ಮಾಡುವ ಇಂಟರ್ವೆನ್ಷನಲ್ ರೇಡಿಯಾಲಜಿ ಎಂಬುದೊಂದು ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಟ್ಟಿಕೊಂಡ ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಅಂದರೆ ಹಾರ್ಟಿಗೆ ಮಾತ್ರ ಅಂದುಕೊಂಡಿದ್ದಾರೆ. ನೀವೆಲ್ಲ ಹೇಗೆ ಕಲಿಸುತ್ತೀರಿ?

ಉತ್ತರ: ತುಮಕೂರಿನ ಮೇಷ್ಟ್ರು

ಮೇಡಂ, ಮೊದಲು ಸಿಟಿ, ಎಂಆರ್‌ಐ ಪಕ್ಕಕ್ಕಿಡಿ. ಎಕ್ಸ್‌ರೇ ಸಾಕು. ನನ್ನ ಕ್ಲಾಸಿನಲ್ಲಿ ಕಾಯಿಲೆ ಹೆಸರು ಹೇಳುವ ಹಾಗಿಲ್ಲ. ಕಂಡಿದ್ದು ಮಾತ್ರ ಹೇಳಬೇಕು. ಎಲ್ಲಿ ಬಿಳಿ, ಎಲ್ಲಿ ಕಪ್ಪು, ಅಂಚು ಚೂಪಾಗಿದೆಯಾ, ಮಸುಕಾಗಿದೆಯಾ.

ಪಾವಗಡ ಕಡೆಯಿಂದ ಸೊಂಟನೋವು ಅಂತ ಬರುವವರ ಎಕ್ಸ್‌ರೇ ಇದಕ್ಕೆ ತುಂಬಾ ಒಳ್ಳೆಯದು. ನಿಮ್ಮ ಕೋಲಾರದಲ್ಲೂ ಸಿಗುತ್ತದೆ, ಬೋರ್‌ವೆಲ್ ನೀರಿನ ಫ್ಲೋರೈಡ್ ಅಲ್ವಾ. ಅದರಿಂದ ಬೆನ್ನುಮೂಳೆ, ಸೊಂಟದ ಮೂಳೆ ಎಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತವೆ. ಮಕ್ಕಳು ಪ್ರೋಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದೆ ಎನ್ನುತ್ತಾರೆ. ಆಗ ಮುಂಗೈ ಎಕ್ಸ್‌ರೇ ತೋರಿಸುತ್ತೇನೆ. ಮುಂಗೈಯ ಎರಡು ಮೂಳೆ ರೇಡಿಯಸ್, ಅಲ್ನಾ ನಡುವಿನ ಪೊರೆಯಲ್ಲಿ ಕ್ಯಾಲ್ಸಿಯಂ ಕೂತು ಮೂಳೆ ಅಂಚು ಮುಳ್ಳುಮುಳ್ಳಾಗಿರುತ್ತದೆ. ಕ್ಯಾನ್ಸರ್ ಹರಡಿದರೆ ಹೀಗಾಗುವುದಿಲ್ಲ. ಆಮೇಲೆ ರೋಗಿಯ ಹತ್ತಿರ ಕಳಿಸುತ್ತೇನೆ. "ಯಾವೂರು? ಎಷ್ಟು ವರ್ಷದಿಂದ ಯಾವ ನೀರು ಕುಡಿಯುತ್ತಿದ್ದೀರಿ?" ಎಂದು ಕೇಳಿಕೊಂಡು ಬರಬೇಕು. ಇದು ಬರದೆ ಎಷ್ಟು ಸಿಟಿ ನೋಡಿದರೂ ಪ್ರಯೋಜನವಿಲ್ಲ.

ರಿಕ್ವೆಸ್ಟ್ ಫಾರ್ಮ್ ಬರೆಯುವುದನ್ನೂ ಕಲಿಸಿ. ನಾಳೆ ಇವರಲ್ಲಿ ಜಾಸ್ತಿ ಜನ ಸ್ಕ್ಯಾನ್ ಬರೆದು ಕಳಿಸುವವರೇ. ಬರೀ "ಹೊಟ್ಟೆನೋವು" ಎಂದು ಬರೆದರೆ ನಮಗೇನು ತಿಳಿಯುತ್ತದೆ? ಎಲ್ಲಿ ನೋವು, ಯಾವಾಗಿಂದ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ಎಷ್ಟು, ಹೆಣ್ಣುಮಕ್ಕಳಾದರೆ ಕೊನೆಯ ಮುಟ್ಟು ಯಾವಾಗ ಎಂದೂ ಬರೆಯಬೇಕು.

ಆಂಜಿಯೋಪ್ಲಾಸ್ಟಿ ವಿಷಯಕ್ಕೆ ಅವರಿಗೆ ಇದನ್ನು ಹೇಳಿ. 1964ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಮೊದಲ ಸಲ ಅದನ್ನು ಮಾಡಿದ ಚಾರ್ಲ್ಸ್ ಡಾಟರ್ ರೇಡಿಯಾಲಜಿಸ್ಟ್. ಮಾಡಿದ್ದು 82 ವರ್ಷದ ಅಜ್ಜಿಯ ಕಾಲಿನ ರಕ್ತನಾಳಕ್ಕೆ. ಕಾಲು ತೆಗೆಸಲು ಆಕೆ ಒಪ್ಪಿರಲಿಲ್ಲ.

ಉತ್ತರ: ಚಿಕ್ಕಬಳ್ಳಾಪುರದ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ)

ಸರ್ ಹೇಳಿದ್ದು ನಿಜ. ಮೇಡಂ, ಸೂಜಿ ಹಿಡಿಯಲು ಕೊಟ್ಟರೆ ಮಕ್ಕಳು ಫೋನ್ ಕೆಳಗಿಡುತ್ತಾರೆ. ನಾವು ಜೆಲಾಟಿನ್ ಗಟ್ಟಿಯಾಗಿ ಕಟ್ಟಿಸಿ ಒಳಗೆ ದ್ರಾಕ್ಷಿ ಹುದುಗಿಸುತ್ತೇವೆ. ನಮ್ಮೂರಲ್ಲಿ ಅದಕ್ಕೇನೂ ಬರವಿಲ್ಲ. ಅಲ್ಟ್ರಾಸೌಂಡ್ ನೋಡಿಕೊಂಡು ದ್ರಾಕ್ಷಿಗೆ ಸೂಜಿ ಚುಚ್ಚಬೇಕು. ಕೈಯಲ್ಲಿ ಹಿಡಿಯುವ ಅಲ್ಟ್ರಾಸೌಂಡ್ ಪ್ರೋಬ್ ಒಂಚೂರು ಓರೆಯಾದರೂ ಸೂಜಿ ತುದಿ ಮಾಯ. ತುದಿ ಕಾಣದಿದ್ದರೆ ಮುಂದೆ ತಳ್ಳಬಾರದು, ಅಲ್ಲೇ ನಿಲ್ಲಿಸಿ ಪ್ರೋಬ್ ಸರಿಮಾಡಿಕೊಳ್ಳಬೇಕು. ಬಯಾಪ್ಸಿಗೂ ಇದೇ, ಕೀವು ತೆಗೆಯುವುದಕ್ಕೂ ಇದೇ. ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆ ಇರುವುದರಿಂದ ಮೆಷಿನ್ ಕ್ಲಾಸ್‌ರೂಮಿಗೆ ಒಯ್ಯಬೇಡಿ, ಸ್ಕ್ಯಾನ್ ರೂಮಿನಲ್ಲೇ ಮಾಡಿಸಿ.

ಕೋಲಾರದ ಮೇಡಂ

ಇಬ್ಬರಿಗೂ ಥ್ಯಾಂಕ್ಸ್. ಮುಂಗೈ ಎಕ್ಸ್‌ರೇ ನಮ್ಮಲ್ಲೂ ಇರುತ್ತವೆ, ಹುಡುಕಿಸುತ್ತೇನೆ. ಜೆಲಾಟಿನ್ ಎಷ್ಟು ದಿನ ಇಡಬಹುದು?

ಚಿಕ್ಕಬಳ್ಳಾಪುರದ ಪಿಜಿ

ಫ್ರಿಜ್‌ನಲ್ಲಿಟ್ಟರೆ ಕೆಲವು ದಿನ ಬರುತ್ತದೆ ಮೇಡಂ. ಬೂಷ್ಟು ಕಂಡರೆ ಎಸೆದುಬಿಡಿ.